ಅಳಿಯನ ರೈಫಲ್ಲಿಗೊಂದು ಆಕ್ಷನ್

ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಬಂದರೆ ಎಫ್-ಕ್ಲಾಸ್ ಶೂಟಿಂಗ್. ನೆಲದ ಮೇಲೆ ಮಲಗಿ ಸಾವಿರ ಗಜ ದೂರದ ಗುರಿಗೆ ಹೊಡೆಯುವ ಆಟ ಅದು. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 10 ಇಂಚು, ಅದರೊಳಗಿನ ಎಕ್ಸ್ ವೃತ್ತದ್ದು 5 ಇಂಚು. ನಮ್ಮ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಿಂತು, ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಆಚೆ ಯಾರೋ ಹಿಡಿದಿರುವ ತಿಂಡಿ ತಟ್ಟೆಗೆ ಹೊಡೆದ ಹಾಗೆ. ಇವನು ಆಡುವ ವಿಭಾಗದ ಹೆಸರು ಎಫ್-ಟಿಆರ್. ತೋಟಾ .308 ವಿಂಚೆಸ್ಟರ್ ಅಥವಾ .223 ರೆಮಿಂಗ್ಟನ್ ಮಾತ್ರ. ಮುಂದೆ ಬೈಪಾಡ್ ಅನ್ನುವ ಎರಡು ಕಾಲಿನ ಆಸರೆ ಇರಬಹುದು, ಒಟ್ಟು ತೂಕ 8.25 ಕಿಲೋ ದಾಟಬಾರದು.

ಅವನ ಹಳೆಯ ರೈಫಲ್ಲಿನ ಬ್ಯಾರೆಲ್ ಸವೆದು ಹೋಗಿತ್ತು. ಇನ್ನೊಂದು ಬ್ಯಾರೆಲ್ ಹಾಕಿಸಿದ್ದರೆ ಸಾಕಾಗ್ತಿತ್ತು. ಆದರೆ ಹವ್ಯಾಸದವರ ತಲೆ ಹಾಗೆ ಓಡಲ್ಲ ಅಲ್ವಾ? ಹೇಗಿದ್ದರೂ ಬಿಚ್ಚಬೇಕು, ಪೂರ್ತಿ ಹೊಸದನ್ನೇ ಕಟ್ಟಿಸಿಬಿಡೋಣ ಅಂತ ಹೊರಟ. ಅಲ್ಲಿ ಸ್ಪರ್ಧೆಯ ರೈಫಲ್ಲನ್ನು ಹೀಗೆ ಕಟ್ಟಿಸುವುದು ರೂಢಿ. ಬ್ಯಾರೆಲ್ ಒಬ್ಬರದು, ಟ್ರಿಗರ್ ಇನ್ನೊಬ್ಬರದು, ಭುಜಕ್ಕೆ ಒತ್ತಿ ಹಿಡಿಯುವ ಸ್ಟಾಕ್ ಮತ್ತೊಬ್ಬರದು. ಇವೆಲ್ಲವನ್ನೂ ಹಿಡಿದಿಡುವ ನಡುಭಾಗವೇ ಆಕ್ಷನ್. ಅದನ್ನು ಆರಿಸುವ ಹೊತ್ತಿಗೆ ನನಗೆ ಫೋನ್ ಬಂತು. "ಮಾವ, ನೀವು ಟೂಲ್‌ರೂಮಿನವರು. ಇವನ್ನ ಒಂದ್ಸಲ ನೋಡಿ ಹೇಳಿ."

ನಾನು ಬಂದೂಕು ಹಿಡಿದವನಲ್ಲ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್‌ರೂಮಿನಲ್ಲಿ, ಅಂದರೆ ಅಚ್ಚು, ಹತ್ಯಾರು ಮಾಡುವ ವಿಭಾಗದಲ್ಲಿ, ಕೆಲಸ ಕಲಿತವನು. ಆಮೇಲೆ ಅಂತರಸನಹಳ್ಳಿಯಲ್ಲಿ ಲೇತು, ಗ್ರೈಂಡರು ಹಾಕಿಕೊಂಡು ಡೈ, ಜಿಗ್ ಮಾಡಿಕೊಡುತ್ತಿದ್ದೆ. ರೈಫಲ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಇವನ ಸಹವಾಸದಿಂದ ಬಂದದ್ದು, ಆಮೇಲೆ ಓದಿ ತಿಳಿದದ್ದು. ಆದರೆ ಉಕ್ಕು, ಥ್ರೆಡ್ಡು, ರನ್‌ಔಟು (ತಿರುಗುವಾಗಿನ ಓಲಾಟ) ಎಲ್ಲಿ ಹೋದರೂ ಒಂದೇ. ಅಷ್ಟರ ಮಟ್ಟಿಗೆ ಮಾತಾಡುವ ಧೈರ್ಯ ಇತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಆಕ್ಷನ್ ಅಂದರೆ ರಿಸೀವರ್ ಅನ್ನುವ ಉಕ್ಕಿನ ಕೊಳವೆ, ಅದರೊಳಗೆ ಹಿಂದೆ ಮುಂದೆ ಓಡುವ ಬೋಲ್ಟ್. ಬ್ಯಾರೆಲ್ ಮುಂದಿನಿಂದ ಥ್ರೆಡ್ಡಿನಲ್ಲಿ ಕೂರುತ್ತದೆ, ಟ್ರಿಗರ್ ಕೆಳಗಿನಿಂದ. ಬೋಲ್ಟ್ ತೋಟಾವನ್ನು ಚೇಂಬರಿಗೆ, ಅಂದರೆ ಬ್ಯಾರೆಲ್ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿಗೆ, ತಳ್ಳುತ್ತದೆ. ಬೋಲ್ಟಿನ ಹಿಡಿ ಕೆಳಗಿಳಿಸಿದಾಗ ಬೋಲ್ಟಿನ ಮೂತಿಯಲ್ಲಿರುವ ಕಿವಿಗಳು ತಿರುಗಿ ರಿಸೀವರಿನ ಒಳಗಿನ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತವೆ. ಈ ಕಿವಿಗಳಿಗೆ ಲಗ್ ಅನ್ನುತ್ತಾರೆ. .308 ತೋಟಾದ ಗರಿಷ್ಠ ಒತ್ತಡ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನಮ್ಮ ಕಾರಿನ ಟೈರಿಗೆ ಮೂವತ್ತು ಚಿಲ್ಲರೆ ಹಾಕಿಸುತ್ತೇವೆ, ಲೆಕ್ಕ ಹಾಕಿಕೊಳ್ಳಿ. ಟನ್‌ಗಟ್ಟಲೆ ಒತ್ತು ಆ ಲಗ್‌ಗಳ ಮೇಲೆ ಬೀಳುತ್ತದೆ.

ಅಳಿಯ ಮೊದಲು ಕಳಿಸಿದ್ದು ಒಂದು ವಿಡಿಯೊ. ಯಾರೋ ಒಬ್ಬರು ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಮೇಲೆ ಕೆಳಗೆ ಅಲ್ಲಾಡಿಸಿ ತೋರಿಸುತ್ತಿದ್ದರು. ಅಲ್ಲಾಡುತ್ತಲೇ ಇರಲಿಲ್ಲ. "ನೋಡಿ ಮಾವ, ಒಂಚೂರೂ ಪ್ಲೇ ಇಲ್ಲ. ಇದೇ ತಗೊಳ್ಳಲಾ?"

ನನಗೆ ಇದೇ ಕಿರಿಕಿರಿ. ಬಿಗಿಯಾಗಿದ್ದರೆ ನಿಖರ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಗಿರಾಕಿಗಳು ನಮ್ಮ ಶೆಡ್ಡಿಗೆ ಬಂದು ಪಿನ್ನನ್ನು ತೂತಿಗೆ ಹಾಕಿ ನೋಡಿ, ಗಟ್ಟಿ ಕೂತರೆ ಖುಷಿ ಪಡುತ್ತಿದ್ದರು. ಓಡಾಡುವ ಭಾಗಕ್ಕೆ ಜಾಗ ಬೇಕು. ಎಣ್ಣೆಗೆ ಜಾಗ ಬೇಕು, ಧೂಳಿಗೆ ಜಾಗ ಬೇಕು, ಬಿಸಿಗೆ ಹಿಗ್ಗಲು ಜಾಗ ಬೇಕು. ಟೆಕ್ಸಾಸಿನ ಧೂಳಲ್ಲಿ ಮಲಗಿ ಹೊಡೆಯುವವನಿಗೆ ಗಾಳಿ ಹೋಗದ ಬೋಲ್ಟ್ ಕೊಟ್ಟರೆ ಮಧ್ಯಾಹ್ನದೊಳಗೆ ಅದು ಕಿರ್ ಅನ್ನುತ್ತದೆ. ಬೋಲ್ಟ್ ತೆರೆದಿರುವಾಗ ಎಷ್ಟು ಅಲ್ಲಾಡುತ್ತದೆ ಅನ್ನುವುದಕ್ಕೂ ಗುಂಡು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಗುಂಡು ಹಾರುವುದು ಬೋಲ್ಟ್ ಮುಚ್ಚಿದಾಗ.

ಮುಚ್ಚಿದಾಗ ಏನಾಗುತ್ತದೆ ಅನ್ನುವುದು ಬೇರೆಯೇ ವಿಷಯ, ಅದು ಸ್ವಾರಸ್ಯದ್ದು. ಬೋಲ್ಟ್ ಮುಚ್ಚಿ ಸ್ಪ್ರಿಂಗ್ ಬಿಗಿದಿರುವಾಗ ಟ್ರಿಗರಿನ ಕೊಂಡಿ ಹಿಂದಿನಿಂದ ಬೋಲ್ಟನ್ನು ಕೊಂಚ ಮೇಲಕ್ಕೆ ಒತ್ತುತ್ತಿರುತ್ತದೆ. ಹಿಂದೆ ಜಾಗ ಜಾಸ್ತಿ ಇದ್ದರೆ ಬೋಲ್ಟಿನ ಬಾಲ ಮೇಲೇಳುತ್ತದೆ, ಮೂತಿ ಓರೆಯಾಗುತ್ತದೆ, ಮೇಲಿನ ಲಗ್ ತನ್ನ ಮೆಟ್ಟಿಲಿನಿಂದ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ. ಹೊಡೆದ ಕ್ಷಣದಲ್ಲಿ ಒತ್ತಡ ಅದನ್ನು ಹೊಡೆದು ಕೂರಿಸುತ್ತದೆ. ಆ ಸಣ್ಣ ಕುಲುಕಾಟ ಪ್ರತಿ ಸಲ ಒಂದೇ ತರ ಇರುತ್ತದೆ ಅನ್ನುವ ಭರವಸೆ ಇಲ್ಲ. ಅದಕ್ಕೇ ಒಳ್ಳೆಯ ತಯಾರಕರು ಬೋಲ್ಟ್ ಓಡುವಾಗ ಸಡಿಲ, ಮುಚ್ಚಿದಾಗ ಹಿಂಭಾಗದಲ್ಲಿ ಹತ್ತಿರ ಬರುವ ಹಾಗೆ ಮಾಡುತ್ತಾರೆ. ಆ ವಿಡಿಯೊದವರು ಅಲ್ಲಾಡಿಸಿ ತೋರಿಸಬೇಕಾಗಿದ್ದು ಬೋಲ್ಟ್ ಮುಚ್ಚಿದ ಮೇಲೆ.

"ಹಾಗಾದ್ರೆ ಏನು ನೋಡ್ಬೇಕು?" ಅಂದ.

ನೇರ ಇದೆಯಾ ನೋಡು ಅಂದೆ. ರಿಸೀವರಿನ ತೂತಿನ ಮಧ್ಯರೇಖೆ ಇದೆಯಲ್ಲ, ಎಲ್ಲವೂ ಅದಕ್ಕೆ ಲೆಕ್ಕ ಕೊಡಬೇಕು. ಬ್ಯಾರೆಲ್ ಕೂರುವ ಥ್ರೆಡ್ ಅದೇ ರೇಖೆಯಲ್ಲಿರಬೇಕು. ರಿಸೀವರಿನ ಮುಂದಿನ ಮುಖ ಅದಕ್ಕೆ ಲಂಬವಾಗಿರಬೇಕು, ಒಳಗಿನ ಮೆಟ್ಟಿಲೂ ಹಾಗೆಯೇ. ಬೋಲ್ಟಿನ ಮೂತಿ, ಅಂದರೆ ತೋಟಾದ ಹಿಂಭಾಗ ಒರಗುವ ಜಾಗ, ಅದೂ ಲಂಬ. ಲಗ್‌ಗಳು ಎರಡೂ ಒಟ್ಟಿಗೆ ಭಾರ ಹೊರಬೇಕು. ಒಂದೇ ಲಗ್ ಹೊತ್ತರೆ ಹೊಡೆದಾಗ ಇಡೀ ಆಕ್ಷನ್ ಒಂದು ಕಡೆಗೆ ಬಾಗುತ್ತದೆ. ಇದನ್ನು ನೋಡುವುದು ಕಷ್ಟವೂ ಅಲ್ಲ. ಲಗ್‌ಗೆ ಮಾರ್ಕಿಂಗ್ ಬ್ಲೂ ಅನ್ನುವ ನೀಲಿ ಬಣ್ಣ ಹಚ್ಚಿ ಮುಚ್ಚಿ ತೆಗೆದರೆ ಎಲ್ಲಿ ತಾಗಿದೆ ಅಂತ ಕಾಣುತ್ತದೆ. ಟೂಲ್‌ರೂಮಿನಲ್ಲಿ ಡೈ ಕೂರಿಸುವಾಗ ನಾವು ಮಾಡುತ್ತಿದ್ದದ್ದೂ ಅದೇ.

ಅವನ ಹಳೆಯ ರೈಫಲ್ ಕಾರ್ಖಾನೆ ಮಾಲು. ಯಾವ ಕಂಪನಿ ಅನ್ನುವುದು ಬೇಡ. ಅವನ ಗನ್‌ಸ್ಮಿತ್, ಅಂದರೆ ಬಂದೂಕು ಕೆಲಸದವನು, ಬ್ಲೂ ಹಚ್ಚಿ ನೋಡಿದಾಗ ಒಂದು ಲಗ್ ಮಾತ್ರ ತಾಗುತ್ತಿತ್ತಂತೆ. ಸಾವಿರಗಟ್ಟಲೆ ತಯಾರಾಗುವ, ಬೇಟೆಗೆ ಅಂತ ಮಾಡಿದ ಮಾಲಿನಲ್ಲಿ ಇದು ಆಶ್ಚರ್ಯವಲ್ಲ. ಮೆತ್ತಗಿರುವಾಗ ಥ್ರೆಡ್ ತೆಗೆದು ಆಮೇಲೆ ಹಾರ್ಡ್‌ನಿಂಗಿಗೆ ಹಾಕಿದರೆ ಉಕ್ಕು ಒಂಚೂರು ತಿರುಚಿಕೊಳ್ಳುತ್ತದೆ. ನೂರು ಗಜದಲ್ಲಿ ಜಿಂಕೆ ಹೊಡೆಯುವವನಿಗೆ ಅದರಿಂದ ನಷ್ಟ ಏನೂ ಇಲ್ಲ. ಸ್ಪರ್ಧೆಗೆ ಹೋಗುವವರು ಅಂಥ ರಿಸೀವರನ್ನು ಗನ್‌ಸ್ಮಿತ್ ಹತ್ತಿರ ಕೊಟ್ಟು, ಮತ್ತೆ ಲೇತಿಗೆ ಕಟ್ಟಿಸಿ, ಥ್ರೆಡ್ಡು, ಮುಖ, ಮೆಟ್ಟಿಲು ಎಲ್ಲ ನೇರ ಮಾಡಿಸುತ್ತಾರೆ. ಅಲ್ಲಿನವರು ಅದಕ್ಕೆ ಬ್ಲೂಪ್ರಿಂಟಿಂಗ್ ಅನ್ನುತ್ತಾರೆ. ಹಳೆಯ ಆಕ್ಷನ್ನಿನ ಬೆಲೆ, ಮೇಲೆ ಈ ಕೂಲಿ ಸೇರಿಸಿದರೆ ಸ್ಪರ್ಧೆಗೆಂದೇ ಮಾಡುವ ಹೊಸ ಕಸ್ಟಮ್ ಆಕ್ಷನ್ನಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಅಷ್ಟು ಮಾಡಿಸಿದ ಮೇಲೂ ಅದು ರಿಪೇರಿ ಮಾಡಿದ ಮಾಲೇ. ಇವನಿಗೆ ಆ ದಾರಿ ಬೇಡ ಅಂದೆ.

ಕಸ್ಟಮ್ ಅಂದಾಕ್ಷಣ ಕಮ್ಮಾರನ ಹಾಗೆ ಒಬ್ಬನೇ ಕೂತು ಉಜ್ಜಿ ಮಾಡಿಕೊಟ್ಟದ್ದು ಅಂತ ಅಂದುಕೊಳ್ಳಬೇಡಿ. ಈಗ ಅವೆಲ್ಲ ಸಿಎನ್‌ಸಿ, ವೈರ್ ಕಟ್ ತರದ ಕಂಪ್ಯೂಟರ್ ನಡೆಸುವ ಯಂತ್ರಗಳ ಕೆಲಸ. ಹೆಚ್ಚಿನವು ರೆಮಿಂಗ್ಟನ್ 700 ರೈಫಲ್ಲಿನ ಅಚ್ಚನ್ನೇ ಹಿಡಿದಿವೆ. ಆ ಮಾಡೆಲ್ ಬಂದದ್ದು 1962ರಲ್ಲಿ. ದುಂಡು ಸರಳಿನಿಂದ ತಿರುವಿ ಮಾಡಬಹುದಾದ ರಿಸೀವರ್, ಬ್ಯಾರೆಲ್‌ಗೂ ರಿಸೀವರಿಗೂ ನಡುವೆ ವಾಷರಿನ ಹಾಗೆ ಸಿಕ್ಕಿಸಿದ ರಿಕಾಯಿಲ್ ಲಗ್ (ಹೊಡೆದಾಗಿನ ಹಿಂದೊದೆತವನ್ನು ಸ್ಟಾಕಿಗೆ ದಾಟಿಸುವ ತುಂಡು). ಖರ್ಚು ಉಳಿಸಲು ಮಾಡಿದ ಉಪಾಯಗಳು ಇವು. ಆದರೆ ಅದು ಎಷ್ಟು ಮಾರಾಟವಾಯಿತೆಂದರೆ ಸ್ಟಾಕ್ ಮಾಡುವವರು, ಟ್ರಿಗರ್ ಮಾಡುವವರು ಎಲ್ಲ ಅದರ ಅಳತೆಗೇ ಮಾಡತೊಡಗಿದರು. ಈಗ ಯಾರು ಹೊಸ ಆಕ್ಷನ್ ಮಾಡಿದರೂ ಆ ಸ್ಕ್ರೂಗಳ ಜಾಗ, ಆ ಟ್ರಿಗರಿನ ಜಾಗ ಬದಲಾಯಿಸಲು ಹಿಂದೆಮುಂದೆ ನೋಡುತ್ತಾರೆ. ಬದಲಾಯಿಸಿದರೆ ಗಿರಾಕಿಗೆ ಸ್ಟಾಕ್ ಸಿಗಲ್ಲ. ಹೊಸಬರು ರಿಕಾಯಿಲ್ ಲಗ್ಗನ್ನು ರಿಸೀವರಿನ ಜೊತೆಗೇ ಒಂದೇ ಉಕ್ಕಿನಲ್ಲಿ ಕಡೆಯುತ್ತಾರೆ, ಸ್ಕೋಪ್ ಕೂರುವ ಹಳಿಯನ್ನೂ ಕೆಲವರು ಹಾಗೇ ಮಾಡುತ್ತಾರೆ. ಒಳ್ಳೆಯದೇ. ಜೋಡಣೆ ಒಂದು ಕಡಿಮೆಯಾದಷ್ಟೂ ಸಡಿಲವಾಗುವ ಜಾಗ ಒಂದು ಕಡಿಮೆ.

ನನ್ನ ಕಣ್ಣು ನಿಂತದ್ದು ಮಾತ್ರ ಬೇರೆ ಕಡೆ. ಅವನು ಕಳಿಸಿದ ಪಟ್ಟಿಯಲ್ಲಿ ಕೆಲವಕ್ಕೆ ಪ್ರೀಫಿಟ್ ಬ್ಯಾರೆಲ್ ಸಿಗುತ್ತದೆ ಅಂತ ಇತ್ತು. ಏನು ಹಾಗಂದರೆ ಅಂತ ಕೇಳಿದೆ. ಮೊದಲೆಲ್ಲ ಬ್ಯಾರೆಲ್ ಹಾಕಿಸಬೇಕಾದರೆ ರೈಫಲ್ಲನ್ನೇ ಗನ್‌ಸ್ಮಿತ್‌ಗೆ ಕಳಿಸಬೇಕಿತ್ತು. ಪ್ರತಿ ಆಕ್ಷನ್ನಿನಲ್ಲೂ ಬೋಲ್ಟಿನ ಮೂತಿ ಎಲ್ಲಿ ನಿಲ್ಲುತ್ತದೆ ಅನ್ನುವ ಅಳತೆ ಒಂಚೂರು ಬೇರೆ. ಅದನ್ನು ಅಳೆದು, ಅದಕ್ಕೆ ತಕ್ಕಂತೆ ಚೇಂಬರ್ ಕೊರೆಯಬೇಕು. ಮುಚ್ಚಿದ ಬೋಲ್ಟಿನ ಮೂತಿಯಿಂದ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರಕ್ಕೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಅದು ಜಾಸ್ತಿಯಾದರೆ ಕೇಸು, ಅಂದರೆ ತೋಟಾದ ಹಿತ್ತಾಳೆ ಕವಚ, ಹಿಗ್ಗಿ ಹರಿಯುತ್ತದೆ, ಕಡಿಮೆಯಾದರೆ ಬೋಲ್ಟ್ ಮುಚ್ಚುವುದೇ ಇಲ್ಲ. ಈಗ ಕೆಲವು ತಯಾರಕರು ಬೋಲ್ಟಿನ ಮೂತಿಯ ಅಳತೆಯನ್ನು ಪ್ರತಿಯೊಂದು ಆಕ್ಷನ್ನಿನಲ್ಲೂ ಒಂದೇ ಇರುವಷ್ಟು ಹತೋಟಿಯಲ್ಲಿ ಇಡುತ್ತಾರೆ. ಬ್ಯಾರೆಲ್ ಮಾಡುವವನು ನಿಮ್ಮ ಆಕ್ಷನ್ನನ್ನು ಕಣ್ಣಲ್ಲೂ ನೋಡದೆ ಚೇಂಬರ್ ಕೊರೆದು ಕಳಿಸುತ್ತಾನೆ. ನೀವು ಮನೆಯಲ್ಲಿ ವೈಸಿಗೆ ಕಟ್ಟಿ ಸ್ಪ್ಯಾನರ್ ಹಾಕಿ ತಿರುಗಿಸಿ, ಗೋ ಗೇಜಿಗೆ ಬೋಲ್ಟ್ ಮುಚ್ಚಬೇಕು, ನೋ-ಗೋ ಗೇಜಿಗೆ ಮುಚ್ಚಬಾರದು, ಅಷ್ಟು ನೋಡಿ, ಹೊಡೆಯಲು ಹೋಗುತ್ತೀರಿ.

ಇದನ್ನು ಕೇಳಿ ನನಗೆ ನಿಜವಾಗಲೂ ಸಂತೋಷವಾಯಿತು. ವಾಚ್ ಕಾರ್ಖಾನೆಯಲ್ಲಿ ನಮ್ಮ ಇಡೀ ಬದುಕು ಇದೇ ಆಗಿತ್ತು. ಟ್ರೇನಲ್ಲಿ ಬಂದ ಯಾವ ಗಾಲಿಯನ್ನು ಎತ್ತಿ ಯಾವ ಪ್ಲೇಟಿಗೆ ಕೂರಿಸಿದರೂ ಓಡಬೇಕು. ಜೋಡಿಸುವ ಹೆಣ್ಣುಮಕ್ಕಳ ಕೈಗೆ ಫೈಲ್ ಕೊಡುವ ಹಾಗಿಲ್ಲ. ಉಜ್ಜಿ ಕೂರಿಸಬೇಕಾಯಿತು ಅಂದರೆ ತಪ್ಪು ಟೂಲ್‌ರೂಮಿನದು. 2016ರಲ್ಲಿ ವಾಚ್ ಕಂಪನಿ ಮುಚ್ಚುವ ತೀರ್ಮಾನವಾಯಿತು, ನಮ್ಮ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಅದಿರಲಿ. ಒಬ್ಬ ಕುಶಲಿ ಒಂದಕ್ಕೊಂದು ಉಜ್ಜಿ ಕೂರಿಸಿದ ಜೋಡಿಗಿಂತ, ಡ್ರಾಯಿಂಗ್ ಪ್ರಕಾರ ಬಂದು ಯಾವುದಕ್ಕೆ ಬೇಕಾದರೂ ಕೂರುವ ಭಾಗವೇ ಮೇಲು ಅಂತ ನಾನು ಈಗಲೂ ನಂಬುತ್ತೇನೆ. ಕಸ್ಟಮ್ ಆಕ್ಷನ್ನಿಗೆ ಕೊಡುವ ದುಡ್ಡಿನಲ್ಲಿ ನನಗೆ ಬೆಲೆ ಕಂಡದ್ದು ಇಲ್ಲಿ. ಬ್ಯಾರೆಲ್ ಸವೆಯುವ ವಸ್ತು. .308 ಬ್ಯಾರೆಲ್ ಸ್ಪರ್ಧೆ ಮಟ್ಟದಲ್ಲಿ ಕೆಲವು ಸಾವಿರ ಗುಂಡು ಬಾಳುತ್ತದೆ, ಆಮೇಲೆ ಬಿಸಾಕಬೇಕು. ಆಕ್ಷನ್ ಅವನ ಮಗನ ಕಾಲಕ್ಕೂ ಇರುತ್ತದೆ. ಹಾಗಾಗಿ ಆಕ್ಷನ್ ಆರಿಸುವಾಗ ಮುಂದಿನ ಬ್ಯಾರೆಲ್, ಅದರ ಮುಂದಿನ ಬ್ಯಾರೆಲ್ ಎಷ್ಟು ಸುಲಭವಾಗಿ ಕೂರುತ್ತದೆ ಅನ್ನುವುದೇ ಮೊದಲ ಪ್ರಶ್ನೆ.

ಇದಕ್ಕೆ ಪೂರ್ತಿ ಉಲ್ಟಾ ಯೋಚನೆ ಮಾಡಿದವರೂ ಇದ್ದಾರೆ, ಅವರನ್ನು ಮೆಚ್ಚದೆ ಇರಲಾಗಲ್ಲ. 1958ರಲ್ಲಿ ಬಂದ ಸ್ಯಾವೇಜ್ 110 ರೈಫಲ್ಲಿನಲ್ಲಿ ಬ್ಯಾರೆಲ್ ಹಿಡಿಯಲು ಒಂದು ನಟ್ ಇದೆ. ಗೇಜ್ ಇಟ್ಟು ಬ್ಯಾರೆಲ್ ತಿರುಗಿಸುತ್ತಾ ಬನ್ನಿ, ಹೆಡ್‌ಸ್ಪೇಸ್ ಸರಿಯಾದಾಗ ನಟ್ ಬಿಗಿ ಮಾಡಿ, ಮುಗೀತು. ಬೋಲ್ಟಿನ ತಲೆಯನ್ನೂ ಬೇರೆ ಭಾಗವಾಗಿ ಮಾಡಿ ಪಿನ್ ಹಾಕಿ ಸಡಿಲ ಬಿಟ್ಟಿದ್ದಾರೆ. ಹೊಡೆದಾಗ ಅದು ತಾನಾಗೇ ಸರಿದು ಎರಡೂ ಲಗ್ ಕೂರುತ್ತವೆ. ಅಗ್ಗದ ರೈಫಲ್ ಆದರೂ ಒಳ್ಳೆ ಗುರಿ ಅಂತ ಅದಕ್ಕೆ ಹೆಸರು. ಸಡಿಲ ಬಿಟ್ಟು ನೇರ ಪಡೆಯುವ ಉಪಾಯ ಇದು! ಬಿಗಿಯೇ ನಿಖರತೆ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಈಗ ಜ಼ರ್ಮಾಟ್ ಆರ್ಮ್ಸ್‌ನವರ ಆರಿಜಿನ್ ತರದ ಕಸ್ಟಮ್ ಆಕ್ಷನ್‌ಗಳಲ್ಲೂ ಸಡಿಲ ತಲೆಯ ಬೋಲ್ಟ್ ಬಂದಿದೆ. ತಲೆ ಬದಲಾಯಿಸಿ ಬೇರೆ ತೋಟಾಕ್ಕೂ ಒಗ್ಗಿಸಿಕೊಳ್ಳಬಹುದು.

ಲಗ್ ಎರಡಾ ಮೂರಾ ಅನ್ನುವುದರ ಬಗ್ಗೆ ಅಳಿಯ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡಿದ್ದ. ನ್ಯೂಜಿಲೆಂಡಿನ ಬಾರ್ನಾರ್ಡ್ ಆಕ್ಷನ್ನಿನಲ್ಲಿ ಮೂರು ಲಗ್. ದೂರದ ಗುರಿಯವರಲ್ಲಿ ಅದಕ್ಕೆ ಒಳ್ಳೆ ಹೆಸರಿದೆ. ಮೂರು ಲಗ್ ಆದರೆ ಹಿಡಿಯನ್ನು 60 ಡಿಗ್ರಿ ಎತ್ತಿದರೆ ಸಾಕು, ಎರಡಾದರೆ 90. ಆದರೆ ಸ್ಪ್ರಿಂಗ್ ಬಿಗಿಯುವ ಅಷ್ಟೇ ಕೆಲಸವನ್ನು ಕಡಿಮೆ ತಿರುವಿನಲ್ಲಿ ಮಾಡಬೇಕು, ಹಾಗಾಗಿ ಹಿಡಿ ಭಾರ. ಮಲಗಿದಲ್ಲೇ ಹಿಡಿ ಎತ್ತುವಾಗ ರೈಫಲ್ ಬೈಪಾಡ್ ಮೇಲೆ ವಾಲಿದರೆ ಮತ್ತೆ ಗುರಿ ಹುಡುಕಬೇಕು. ಎರಡು ಲಗ್‌ನದು ಹಗುರ. ಯಂತ್ರದ ಕಣ್ಣಿನಿಂದ ನೋಡಿದರೂ ಮೂರು ಮುಖಗಳನ್ನು ಒಂದೇ ಮಟ್ಟಕ್ಕೆ ತರುವುದಕ್ಕಿಂತ ಎರಡನ್ನು ತರುವುದು ಸಲೀಸು. ಎರಡೇ ಸಾಕು ಅಂದೆ. ಬಾರ್ನಾರ್ಡ್ ಇಷ್ಟಪಡುವವರು ಬೈದುಕೊಳ್ಳಲಿ.

ಮ್ಯಾಗಜಿನ್ ಬೇಡ ಅನ್ನುವುದರಲ್ಲಿ ಇಬ್ಬರಿಗೂ ಒಮ್ಮತ. ಎಫ್-ಕ್ಲಾಸ್‌ನಲ್ಲಿ ಒಂದೊಂದೇ ತೋಟಾ ಕೈಯಲ್ಲಿ ಹಾಕುತ್ತಾರೆ. ಕೆಳಗೆ ಮ್ಯಾಗಜಿನ್ನಿಗೆ ಬಾಯಿ ಕೊರೆಯದೆ ಬಿಟ್ಟರೆ ರಿಸೀವರ್ ಗಟ್ಟಿ ಇರುತ್ತದೆ, ಬಾಗುವುದು ಕಡಿಮೆ. ಉಕ್ಕಿನ ಜಾತಿ ಬಗ್ಗೆ ಜಾಸ್ತಿ ಚರ್ಚೆ ಬೇಡ. ಕ್ರೋಮ್ ಮಾಲಿ ಇರಲಿ, ಸ್ಟೇನ್‌ಲೆಸ್ ಇರಲಿ, ಹೆಸರಿರುವ ತಯಾರಕರು ಹಾರ್ಡ್‌ನಿಂಗ್ ಸರಿಯಾಗಿ ಮಾಡಿರುತ್ತಾರೆ. ಕೆಲ್‌ಬ್ಲಿ ಕಂಪನಿಯ ಪ್ಯಾಂಡಾ ಅನ್ನುವ ಆಕ್ಷನ್ನಿನ ಮೈ ಅಲ್ಯೂಮಿನಿಯಂ, ಲಗ್ ಕೂರುವ ಜಾಗಕ್ಕೆ ಮಾತ್ರ ಉಕ್ಕು. ಕೇಳಿದವರಿಗೆ ಭಯ ಆಗುತ್ತದೆ, ಆದರೆ ಮೇಜಿನ ಮೇಲೆ ರೈಫಲ್ ಇಟ್ಟು ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ ಅದು ಗೆದ್ದು ತೋರಿಸಿದೆ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಓಡಿದರೆ ಕಚ್ಚಿಕೊಳ್ಳುವ ಗುಣ ಇದೆ. ಹಾಗಾಗಿ ಬೋಲ್ಟಿಗೆ ನೈಟ್ರೈಡಿಂಗೋ (ಮೇಲ್ಮೈ ಗಟ್ಟಿ ಮಾಡುವ ಉಪಚಾರ) ಬೇರೆ ಲೇಪವೋ ಇದ್ದರೆ ಒಳ್ಳೆಯದು, ಲಗ್‌ಗೆ ಗ್ರೀಸು ಹಚ್ಚೋದು ಮರೀಬೇಡ ಅಂತ ಹೇಳಿದೆ.

ಆಮೇಲೆ ದುಡ್ಡಿನ ಮಾತು. ಸಾಮಾನ್ಯವಾಗಿ ಒಂದರಿಂದ ಎರಡು ಸಾವಿರ ಡಾಲರಿನ ನಡುವೆ ಇವು ಸಿಗುತ್ತವೆ. ಸಾವಿರದ್ದಕ್ಕೂ ಎರಡು ಸಾವಿರದ್ದಕ್ಕೂ ಗುರಿಹಲಗೆಯ ಮೇಲೆ ವ್ಯತ್ಯಾಸ ಕಾಣುತ್ತಾ ಅಂತ ಅವನನ್ನೇ ಕೇಳಿದೆ. ಪ್ರಾಮಾಣಿಕವಾಗಿ "ಇಲ್ಲ ಮಾವ" ಅಂದ. ಸಾವಿರ ಗಜದಲ್ಲಿ ಅಡ್ಡಗಾಳಿಯ ಅಂದಾಜು ಗಂಟೆಗೆ ಒಂದೇ ಮೈಲಿಯಷ್ಟು ತಪ್ಪಿದರೂ .308 ಗುಂಡು ಏಳೆಂಟು ಇಂಚು ಸರಿಯುತ್ತದಂತೆ. ಹತ್ತು ಅಂಕದ ವೃತ್ತದ ಅರ್ಧ ಅಗಲ 5 ಇಂಚು. ಯಾವ ಆಕ್ಷನ್ನೂ ಆ ತಪ್ಪನ್ನು ಮುಚ್ಚಲ್ಲ. ಉಳಿದ ದುಡ್ಡಲ್ಲಿ ಇನ್ನೊಂದು ಬ್ಯಾರೆಲ್, ಒಂದಷ್ಟು ಗುಂಡು, ಮದ್ದು ತಗೊಂಡು ಗಾಳಿ ಓದುವುದನ್ನು ಕಲಿ ಅಂದೆ. ಇದು ಅವನಿಗೆ ಅಷ್ಟು ಇಷ್ಟ ಆಗಲಿಲ್ಲ. ಸಾಮಾನು ಕೊಳ್ಳುವುದರಲ್ಲಿರುವ ಸುಖ ಅಭ್ಯಾಸದಲ್ಲಿ ಎಲ್ಲಿಂದ ಬರಬೇಕು?

ನಮ್ಮ ಕಡೆ ಈ ಚರ್ಚೆಗೇ ಜಾಗ ಇಲ್ಲ. ಅಮೆರಿಕದಲ್ಲಿ ಕಾನೂನಿನ ಕಣ್ಣಿಗೆ ಬಂದೂಕು ಅಂದರೆ ರಿಸೀವರ್. ಬ್ಯಾರೆಲ್ ಮನೆ ಬಾಗಿಲಿಗೆ ಪಾರ್ಸೆಲ್ ಬರುತ್ತದೆ, ಆಕ್ಷನ್ನನ್ನು ಮಾತ್ರ ಲೈಸೆನ್ಸ್ ಇರುವ ಡೀಲರ್ ಹತ್ತಿರ ಹೋಗಿ ತರಬೇಕು. ಇಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಬಿಡಿಭಾಗವೂ ಆಯುಧವೇ, ಅದನ್ನು ತಯಾರಿಸುವ ಯಂತ್ರವೂ ಆ ಲೆಕ್ಕಕ್ಕೇ ಸೇರುತ್ತದೆ. ಪರಿಚಯದವರೊಬ್ಬರು ಇದೆಲ್ಲ ಕೇಳಿ "ನೀವೇ ಒಂದು ಮಾಡಬಹುದಲ್ಲ ಸಾರ್" ಅಂದಿದ್ದರು. ನಗುತ್ತಾ ಅಂದರೂ ಅದು ನಗುವ ಮಾತಲ್ಲ. ಲೈಸೆನ್ಸ್ ಇಲ್ಲದೆ ಲೇತಿಗೆ ಅಂಥದ್ದೊಂದು ಕಟ್ಟಿದರೆ ಜೈಲು. 2019ರ ತಿದ್ದುಪಡಿಯಾದ ಮೇಲೆ ಸಾಮಾನ್ಯ ಲೈಸೆನ್ಸ್‌ದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳೂ ಮೂರರಿಂದ ಎರಡಕ್ಕೆ ಇಳಿದವು. ಕ್ರೀಡಾಪಟುಗಳಿಗೆ ಬೇರೆ ನಿಯಮ ಇದೆ. ಇಷ್ಟೆಲ್ಲ ಕಟ್ಟುಪಾಡು ಇರುವುದರಿಂದ ನಮ್ಮ ಹುಡುಗರು ಶುರು ಮಾಡುವುದು .177 ಏರ್ ರೈಫಲ್ಲಿನಲ್ಲಿ. ಮುಂದೆ ಹೋದರೆ .22. ಅಲ್ಲಿ ಆಕ್ಷನ್ ಆರಿಸುವ ಪ್ರಶ್ನೆಯೇ ಬರಲ್ಲ. ಜರ್ಮನಿಯ ಆನ್ಷುಟ್ಜ್, ವಾಲ್ಥರ್, ಫೈನ್‌ವೆರ್ಕ್‌ಬಾವ್ ಕಾರ್ಖಾನೆಗಳು ಆಕ್ಷನ್ನಿನಿಂದ ಬ್ಯಾರೆಲ್‌ವರೆಗೆ ಎಲ್ಲ ಸೇರಿಸಿ ಕೊಡುತ್ತವೆ. ಅದನ್ನು ತಮ್ಮ ಮೈಗೆ ಒಗ್ಗಿಸಿಕೊಳ್ಳುವುದು ಮಾತ್ರ ಶೂಟರ್ ಕೆಲಸ.

ಅದರಲ್ಲಿ ಏನು ಸಾಧಿಸಬಹುದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಶೂಟರ್ ಸುಮಾ ಶಿರೂರ್ ಹುಟ್ಟಿದ್ದು ನಮ್ಮ ಪಕ್ಕದ ಚಿಕ್ಕಬಳ್ಳಾಪುರದಲ್ಲಿ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 10 ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ ಅವರು 400ಕ್ಕೆ 400 ಹೊಡೆದರು. ಏರ್ ರೈಫಲ್ ಗುರಿಯಲ್ಲಿ ಹತ್ತು ಅಂದರೆ ಅರ್ಧ ಮಿಲಿಮೀಟರಿನ ಚುಕ್ಕೆ. ನಲವತ್ತು ಹೊಡೆತಗಳೂ ಅದನ್ನು ತಾಗಿದವು. ಅಳಿಯನಿಗೆ ಇದನ್ನು ಹೇಳಿದಾಗ "ಅದು ಏರ್ ರೈಫಲ್ ಮಾವ, ಗಾಳಿ ಇಲ್ಲ, ಒತ್ತಡ ಇಲ್ಲ" ಅಂತ ವಾದ ಮಾಡಿದ. ಇರಬಹುದು. ನಾನು ಆ ಸಂಖ್ಯೆಯನ್ನು ಬಿಟ್ಟುಕೊಡಲಿಲ್ಲ.

ಕೊನೆಗೆ ಎರಡು ಲಗ್, 700ರ ಅಚ್ಚು, ಒಂದೇ ತೋಟಾದ ರಿಸೀವರ್, ಪ್ರೀಫಿಟ್ ಬ್ಯಾರೆಲ್ ಸಿಗುವ ತಯಾರಕ ಅನ್ನುವಲ್ಲಿಗೆ ಬಂದು ನಿಂತೆವು. ಅವನು ಮೊದಲು ಇಷ್ಟಪಟ್ಟದ್ದಕ್ಕಿಂತ ಬೆಲೆ ಕಡಿಮೆ, ಬೋಲ್ಟ್ ಎಳೆದು ಅಲ್ಲಾಡಿಸಿದರೆ ಚೆನ್ನಾಗಿಯೇ ಅಲ್ಲಾಡುತ್ತದೆ. ಇನ್ನೂ ಇತ್ಯರ್ಥವಾಗದೆ ಇರುವುದು ಬಾಯಿ ಯಾವ ಕಡೆ ಇರಬೇಕು ಅನ್ನುವುದು. ಹಿಡಿ ಬಲಕ್ಕಿದ್ದು ತೋಟಾ ಹಾಕುವ ಬಾಯಿ ಎಡಕ್ಕಿದ್ದರೆ, ಬಲಗೈ ಹಿಡಿಯ ಮೇಲೇ ಇರುತ್ತದೆ, ಎಡಗೈ ತೋಟಾ ಹಾಕುತ್ತದೆ. ವೇಗವಾಗುತ್ತದೆ ಅನ್ನುವುದು ಅವನ ವಾದ. ಆಮೇಲೆ ಮಾರಬೇಕು ಅಂದರೆ ಗಿರಾಕಿ ಕಡಿಮೆ ಅನ್ನುವುದು ನನ್ನದು. ಅದಕ್ಕವನು "ಮಾರೋರು ಯಾರು ಮಾವ?" ಅನ್ನುತ್ತಾನೆ. ಹಳೆಯ ರೈಫಲ್ಲನ್ನು ಹೋದ ವಾರವಷ್ಟೇ ಮಾರಾಟಕ್ಕಿಟ್ಟಿದ್ದಾನೆ.